ಮನೆಯಲ್ಲಿ ರೋಗಿ ಇದ್ದಾರೆ: ಕೈಯನ್ನು ಎಷ್ಟು ಹೊತ್ತು ತೊಳೆಯಬೇಕು, ಯಾವಾಗ ತೊಳೆಯಬೇಕು, ಯಾವುದರಿಂದ ತೊಳೆಯಬೇಕು?

ಮೂರನೇಮಹಡಿ (ಪ್ರಶ್ನೆ ಕೇಳಿದವರು)

ತಂದೆಗೆ ಕಿಮೋಥೆರಪಿ ನಡೆಯುತ್ತಿದೆ. ಬಿಳಿ ರಕ್ತಕಣಗಳು ಕಡಿಮೆಯಾಗುವ ದಿನಗಳಲ್ಲಿ ಸೋಂಕು ತಗುಲದಂತೆ ನೋಡಿಕೊಳ್ಳಿ, ಮುಖ್ಯವಾಗಿ ಮನೆಯವರೆಲ್ಲ ಕೈ ಸ್ವಚ್ಛವಾಗಿಟ್ಟುಕೊಳ್ಳಿ ಎಂದು ವೈದ್ಯರು ಹೇಳಿ ಕಳುಹಿಸಿದರು. ಅಷ್ಟೇ ಹೇಳಿದರು. ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ. ತಂಗಿ ಬಾಗಿಲಿನಿಂದ ಹಾಸಿಗೆಯವರೆಗೂ ಸ್ಯಾನಿಟೈಸರ್ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದಾಳೆ. ಅಣ್ಣನಿಗೆ ‘ರೋಗಾಣುನಾಶಕ’ ಎಂದು ಬರೆದಿರುವ ಸಾಬೂನೇ ಆಗಬೇಕು. ಚಿಕ್ಕಪ್ಪನ ಪ್ರಕಾರ ಬಿಸಿನೀರಿನಲ್ಲಿ ತೊಳೆಯದಿದ್ದರೆ ಅದು ತೊಳೆದ ಲೆಕ್ಕವೇ ಅಲ್ಲ. ಎಲ್ಲರ ಮಾತನ್ನೂ ಪಾಲಿಸುತ್ತಿರುವ ನನ್ನ ಬೆರಳಿನ ಗೆಣ್ಣುಗಳು ಬಿರುಕು ಬಿಟ್ಟಿವೆ, ಸ್ಯಾನಿಟೈಸರ್ ತಾಗಿದರೆ ಉರಿಯುತ್ತದೆ.

ಯಾರ ಮಾತು ಸರಿ? ದಿನವಿಡೀ ತೊಳೆಯುತ್ತಲೇ ಇರಬೇಕೇ? ಈ ಕೆಲಸವನ್ನು ವೃತ್ತಿಯಾಗಿ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ರಾತ್ರಿಪಾಳಿ

ನಾನು ಶುಶ್ರೂಷಕಿ. ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ. ಮೊದಲು ಒಂದು ಮಾತು: ದಿನವಿಡೀ ತೊಳೆಯಬೇಕಾಗಿಲ್ಲ. ಸರಿಯಾದ ಹೊತ್ತಿಗೆ ತೊಳೆಯಬೇಕು.

ಆಸ್ಪತ್ರೆಗಳಲ್ಲಿ ನಮಗೆ ಕಲಿಸುವುದು ಐದು ಸಂದರ್ಭಗಳನ್ನು. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯಲ್ಲಿ ಅವು ಇವೆ. ರೋಗಿಯನ್ನು ಮುಟ್ಟುವ ಮೊದಲು. ಗಾಯ, ಸೂಜಿ, ನಳಿಕೆಯಂಥವುಗಳನ್ನು ಮುಟ್ಟುವ ಮೊದಲು. ರಕ್ತ, ವಾಂತಿ, ಮಲಮೂತ್ರಗಳ ಸಂಪರ್ಕ ಆದ ಮೇಲೆ. ರೋಗಿಯನ್ನು ಮುಟ್ಟಿದ ಮೇಲೆ. ರೋಗಿಯ ಮಂಚ, ಮೇಜು, ಹೊದಿಕೆಗಳನ್ನು ಮುಟ್ಟಿದ ಮೇಲೆ. ಇದನ್ನು ನಿಮ್ಮ ಮನೆಗೆ ಹೊಂದಿಸಿಕೊಳ್ಳಿ. ಹೊರಗಿನಿಂದ ಒಳಗೆ ಬಂದ ತಕ್ಷಣ. ತಂದೆಯವರಿಗೆ ಔಷಧಿ, ಊಟ ಕೊಡುವ ಮೊದಲು. ಅವರನ್ನು ಎಬ್ಬಿಸಿ ಕೂರಿಸುವ ಮೊದಲು. ಶೌಚಾಲಯದಿಂದ ಬಂದ ಮೇಲೆ, ಮೂಗು ಒರೆಸಿಕೊಂಡ ಮೇಲೆ, ಕಸ ಮುಟ್ಟಿದ ಮೇಲೆ. ಇಷ್ಟು ತಪ್ಪದಿದ್ದರೆ ಉಳಿದ ಹೊತ್ತಿನಲ್ಲಿ ನಿಮ್ಮ ಕೈಗೆ ವಿಶ್ರಾಂತಿ ಕೊಡಬಹುದು. ಪುಸ್ತಕದ ಪುಟ ತಿರುಗಿಸಿದ್ದಕ್ಕೆಲ್ಲ ನಲ್ಲಿಯ ಕಡೆಗೆ ಓಡಬೇಡಿ.

ಎಷ್ಟು ಹೊತ್ತು? ಸಾಬೂನು ಹಚ್ಚಿ ಉಜ್ಜುವುದು 20 ಸೆಕೆಂಡಿಗೆ ಕಡಿಮೆಯಾಗದಿರಲಿ. ಒದ್ದೆ ಮಾಡುವುದರಿಂದ ಒರೆಸುವವರೆಗೆ ಎಲ್ಲ ಸೇರಿದರೆ 40ರಿಂದ 60 ಸೆಕೆಂಡು ಆಗುತ್ತದೆ. ಆದರೆ ಗಡಿಯಾರಕ್ಕಿಂತ ಕೈಯನ್ನು ನೋಡಿಕೊಳ್ಳಿ. ಹೆಚ್ಚಿನವರು ಅಂಗೈಯನ್ನು ಅಂಗೈಗೆ ಉಜ್ಜಿ ಮುಗಿಸುತ್ತಾರೆ. ಬಿಟ್ಟುಹೋಗುವುದು ಹೆಬ್ಬೆರಳು, ಬೆರಳ ತುದಿಗಳು, ಬೆರಳ ಸಂದುಗಳು. ಮಾತ್ರೆಯನ್ನು ಹಿಡಿಯುವುದು ಇದೇ ಹೆಬ್ಬೆರಳು ಮತ್ತು ಬೆರಳ ತುದಿ ಎನ್ನುವುದನ್ನು ಯೋಚಿಸಿ.

ಗಾಜಿನಕೊಳವೆ

ರಸಾಯನಶಾಸ್ತ್ರ ಹೇಳಿಕೊಡುವವನು. ಅಣ್ಣ ಮತ್ತು ಚಿಕ್ಕಪ್ಪನ ವಾದಕ್ಕೆ ನಾನು ಉತ್ತರಿಸುತ್ತೇನೆ, ಉಳಿದದ್ದು ರಾತ್ರಿಪಾಳಿಯವರಿಗೆ ಬಿಟ್ಟದ್ದು.

ಸಾಬೂನಿನ ಅಣುವಿನ ಒಂದು ತುದಿ ನೀರನ್ನು ಬಯಸುತ್ತದೆ, ಇನ್ನೊಂದು ತುದಿ ಜಿಡ್ಡನ್ನು ಬಯಸುತ್ತದೆ. ನಮ್ಮ ಚರ್ಮದ ಮೇಲೆ ಸದಾ ತೆಳುವಾದ ಎಣ್ಣೆಯ ಪದರವಿರುತ್ತದೆ, ಹೊರಗಿನಿಂದ ಬಂದ ರೋಗಾಣುಗಳು ಅದರಲ್ಲೇ ಅಂಟಿ ಕುಳಿತಿರುತ್ತವೆ. ಬರೀ ನೀರು ಆ ಪದರದ ಮೇಲೆ ಜಾರಿಹೋಗುತ್ತದೆ. ಸಾಬೂನಿನ ಅಣುಗಳು ಜಿಡ್ಡಿನ ಕಣವನ್ನು ಸುತ್ತುವರಿದು, ನೀರಿನ ಕಡೆಗಿನ ತುದಿಗಳನ್ನು ಹೊರಮುಖ ಮಾಡಿಕೊಂಡು ಪುಟ್ಟ ಗೋಳಗಳಾಗುತ್ತವೆ. ಆಗ ಜಿಡ್ಡು, ಕೊಳೆ, ರೋಗಾಣು ಎಲ್ಲವೂ ನೀರಿನೊಂದಿಗೆ ಹರಿದುಹೋಗುತ್ತವೆ. ಫ್ಲೂ, ಕೊರೊನಾ ವೈರಾಣುಗಳಿಗೆ ಕೊಬ್ಬಿನ ಹೊರಕವಚವಿದೆ. ಸಾಬೂನು ಅದನ್ನೂ ಒಡೆಯುತ್ತದೆ.

ಅಂದರೆ ಸಾಬೂನಿನ ಮುಖ್ಯ ಕೆಲಸ ಕಿತ್ತು ಸಾಗಿಸುವುದು. ಕೊಲ್ಲುವುದು ಅದರ ಉಪವೃತ್ತಿ. ಹಾಗಾಗಿ ‘ರೋಗಾಣುನಾಶಕ’ ಎಂಬ ಹಣೆಪಟ್ಟಿಯಿಂದ ಮನೆಬಳಕೆಯಲ್ಲಿ ಹೆಚ್ಚಿನ ಲಾಭ ಕಂಡುಬಂದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2016ರಲ್ಲಿ ಟ್ರೈಕ್ಲೋಸಾನ್ ಸೇರಿದಂತೆ 19 ರಾಸಾಯನಿಕಗಳನ್ನು ಇಂಥ ಸಾಬೂನುಗಳಿಂದ ಹೊರಗಿಡಲು ಆದೇಶಿಸಿತು. ಇವು ಸಾಮಾನ್ಯ ಸಾಬೂನಿಗಿಂತ ಮೇಲು ಎಂದಾಗಲಿ, ದೀರ್ಘಕಾಲ ಬಳಸಿದರೆ ಸುರಕ್ಷಿತ ಎಂದಾಗಲಿ ತಯಾರಕರು ಸಾಬೀತು ಮಾಡಲಿಲ್ಲ ಎನ್ನುವುದೇ ಕಾರಣ.

ಬಿಸಿನೀರಿನ ಬಗ್ಗೆ: ಕೈ ತಡೆದುಕೊಳ್ಳುವ ಬಿಸಿಯಲ್ಲಿ ರೋಗಾಣುಗಳು ಸಾಯುವುದಿಲ್ಲ. ತಣ್ಣೀರಿನಲ್ಲಿ ತೊಳೆದರೂ ಬಿಸಿನೀರಿನಲ್ಲಿ ತೊಳೆದರೂ ತೊಲಗುವ ರೋಗಾಣುಗಳ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಚರ್ಮದ ಎಣ್ಣೆ ಮಾತ್ರ ಬಿಸಿನೀರಿಗೆ ಬೇಗ ಕರಗಿ ಹೋಗುತ್ತದೆ. ನಿಮ್ಮ ಬಿರುಕುಗಳಲ್ಲಿ ಚಿಕ್ಕಪ್ಪನ ಪಾಲೂ ಇದೆ.

ಸಂಶಯಾಸುರ

ಎಲ್ಲರೂ ಹೂಂಗುಟ್ಟುತ್ತಿರುವಾಗ ಅಡ್ಡ ಮಾತನಾಡುವುದು ನನ್ನ ಹುಟ್ಟುಗುಣ. ಅತಿಯಾದ ಸ್ವಚ್ಛತೆಯಿಂದ ರೋಗನಿರೋಧಕ ಶಕ್ತಿ ಕುಂದುತ್ತದೆ ಎಂದು ವಿಜ್ಞಾನಿಗಳೇ ಹೇಳಿದ್ದಾರಲ್ಲ? ಮಣ್ಣಿನಲ್ಲಿ ಆಡಿದ ಮಕ್ಕಳಿಗೆ ಅಲರ್ಜಿ ಕಡಿಮೆ ಎಂದು ಎಲ್ಲೆಡೆ ಓದುತ್ತೇವೆ. ಚರ್ಮದ ಮೇಲೆ ಒಳ್ಳೆಯ ಸೂಕ್ಷ್ಮಾಣುಗಳೂ ಇವೆ. ಅವುಗಳನ್ನೂ ಉಜ್ಜಿ ತೆಗೆದರೆ ಉಳಿಯುವುದೇನು?

ಗಾಜಿನಕೊಳವೆ

ಆ ವಾದ ಹುಟ್ಟಿದ್ದು 1989ರಲ್ಲಿ. ದೊಡ್ಡ ಕುಟುಂಬಗಳಲ್ಲಿ, ಅಣ್ಣ ಅಕ್ಕಂದಿರು ಹೆಚ್ಚಿರುವ ಮಕ್ಕಳಲ್ಲಿ ಪರಾಗದ ಅಲರ್ಜಿ ಕಡಿಮೆ ಇರುವುದನ್ನು ಡೇವಿಡ್ ಸ್ಟ್ರಾಚನ್ ಗುರುತಿಸಿದರು. ಅದು ಊಹಾಸಿದ್ಧಾಂತ. ಆಮೇಲೆ 2003ರಲ್ಲಿ ಗ್ರಹಾಂ ರೂಕ್ ಅದನ್ನು ತಿದ್ದಿ ಬೇರೆ ರೂಪ ಕೊಟ್ಟರು. ನಮ್ಮ ರೋಗನಿರೋಧಕ ವ್ಯವಸ್ಥೆಗೆ ಪಾಠ ಕಲಿಸುವುದು ಭೇದಿ, ನೆಗಡಿ ತರುವ ರೋಗಾಣುಗಳಲ್ಲ. ಮಣ್ಣು, ಪ್ರಾಣಿ, ಸಸ್ಯಗಳ ಜೊತೆ ಮನುಷ್ಯನೊಂದಿಗೆ ಬಹುಕಾಲದಿಂದ ಬಾಳಿ ಬಂದ ನಿರುಪದ್ರವಿ ಜೀವಿಗಳು ಎನ್ನುವುದು ಅದರ ಸಾರ. ಮಗು ಮಣ್ಣಿನಲ್ಲಿ ಆಡಲಿ, ಉಣ್ಣುವ ಮೊದಲು ಕೈ ತೊಳೆಯಲಿ. ಎರಡಕ್ಕೂ ಜಗಳವಿಲ್ಲ.

ಇನ್ನು ಒಳ್ಳೆಯ ಸೂಕ್ಷ್ಮಾಣುಗಳು. ಕೈಯ ಮೇಲಿನವುಗಳನ್ನು ಸ್ಥಾಯಿ ಮತ್ತು ತಾತ್ಕಾಲಿಕ ಎಂದು ಫಿಲಿಪ್ ಪ್ರೈಸ್ 1938ರಲ್ಲೇ ವಿಂಗಡಿಸಿದ್ದರು. ಸ್ಥಾಯಿಗಳು ಚರ್ಮದ ಪದರಗಳ ಒಳಗೆ ಬಿಡಾರ ಹೂಡಿರುತ್ತವೆ, 20 ಸೆಕೆಂಡಿನ ತೊಳೆತಕ್ಕೆ ಮನೆ ಬಿಟ್ಟು ಹೋಗುವುದಿಲ್ಲ. ಹೋಗುವುದು ಮೇಲ್ಮೈಯಲ್ಲಿ ಅಂಟಿಕೊಂಡ ತಾತ್ಕಾಲಿಕ ಅತಿಥಿಗಳು. ಸೋಂಕು ಹರಡುವುದು ಹೆಚ್ಚಾಗಿ ಅವುಗಳಿಂದಲೇ.

ರಾತ್ರಿಪಾಳಿ

ಮತ್ತು ದಯವಿಟ್ಟು ನೆನಪಿಡಿ, ಇಲ್ಲಿ ಮಾತು ನಡೆಯುತ್ತಿರುವುದು ಕಿಮೋಥೆರಪಿಯಲ್ಲಿರುವ ಮನುಷ್ಯನ ಬಗ್ಗೆ. ಅವರ ರೋಗನಿರೋಧಕ ವ್ಯವಸ್ಥೆಗೆ ಈಗ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ.

ಸಂಶಯಾಸುರ

ಒಪ್ಪಿದೆ, ಆ ಭಾಗ ಒಪ್ಪಿದೆ. ಸ್ಥಾಯಿ ತಾತ್ಕಾಲಿಕದ ಲೆಕ್ಕವೂ ಸರಿಯೆನ್ನಿಸಿತು. ಇನ್ನೂ ಒಂದಿದೆ: ಮನೆಯವರೆಲ್ಲ ಒಂದೇ ಸಾಬೂನಿನ ಗಟ್ಟಿ ಬಳಸಿದರೆ ಒಬ್ಬರ ರೋಗಾಣು ಇನ್ನೊಬ್ಬರಿಗೆ ಹೋಗುವುದಿಲ್ಲವೇ?

ಗಾಜಿನಕೊಳವೆ

1988ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸಾಬೂನಿನ ಗಟ್ಟಿಗಳಿಗೆ ಬೇಕೆಂದೇ ಬ್ಯಾಕ್ಟೀರಿಯಾಗಳನ್ನು ಹಚ್ಚಿ ಜನರ ಕೈಗೆ ಕೊಟ್ಟರು. ತೊಳೆದ ಮೇಲೆ ಅವರ ಕೈಗಳಲ್ಲಿ ಆ ಬ್ಯಾಕ್ಟೀರಿಯಾ ಪತ್ತೆಯಾಗಲಿಲ್ಲ. ಗಟ್ಟಿ ನೀರಿನಲ್ಲಿ ಮುಳುಗಿ ಲೋಳೆಯಾಗದಂತೆ ತೂತಿರುವ ತಟ್ಟೆಯಲ್ಲಿ ಇಡಿ, ಸಾಕು. ನಾನು ಹೆಚ್ಚು ಅನುಮಾನ ಪಡುವುದು ದ್ರವ ಸಾಬೂನಿನ ಡಬ್ಬಿಯನ್ನು. ಮುಗಿಯುವ ಮುನ್ನವೇ ಮೇಲೆ ಸುರಿದು ತುಂಬಿಸುತ್ತಾ ಹೋದರೆ ತಳದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಖಾಲಿಯಾದ ಮೇಲೆ ತೊಳೆದು, ಒಣಗಿಸಿ ತುಂಬಿಸಬೇಕು. ಹೆಚ್ಚು ದಿನ ಬರಲಿ ಎಂದು ನೀರು ಬೆರೆಸುವ ಚಾಳಿಯೂ ಬೇಡ.

ರಾತ್ರಿಪಾಳಿ

ಸಾಬೂನಿಗಿಂತ ಮೊದಲು ವಿಚಾರಣೆಗೆ ಕರೆಯಬೇಕಾದ್ದು ಕೈ ಒರೆಸುವ ಬಟ್ಟೆಯನ್ನು! ನಲ್ಲಿಯ ಪಕ್ಕದಲ್ಲಿ ಸದಾ ಒದ್ದೆಯಾಗಿ ನೇತಾಡುತ್ತಾ, ಮನೆಯವರೆಲ್ಲರ ಕೈಗೂ ಸಿಗುವ ಒಂದೇ ಬಟ್ಟೆ. ಚೆನ್ನಾಗಿ ತೊಳೆದ ಕೈಯನ್ನು ಅದಕ್ಕೆ ಒರೆಸಿದರೆ ಮಾಡಿದ್ದೆಲ್ಲ ವ್ಯರ್ಥ. ಹಾಗೆಂದು ಒರೆಸದೆಯೂ ಇರಬಾರದು. ಒಣಗಿದ ಕೈಗಿಂತ ಒದ್ದೆ ಕೈಯಿಂದ ರೋಗಾಣುಗಳು ಸುಲಭವಾಗಿ ದಾಟುತ್ತವೆ. ಪ್ರತಿಯೊಬ್ಬರಿಗೂ ಬೇರೆ ಬಟ್ಟೆ, ದಿನಕ್ಕೊಮ್ಮೆಯಾದರೂ ಬದಲಾವಣೆ, ಇಲ್ಲವೇ ಬಳಸಿ ಎಸೆಯುವ ಕಾಗದ.

ನೀಲಿಅಂಗಿ

ನಾನು ಕಚೇರಿಯಲ್ಲಿ ಸ್ಯಾನಿಟೈಸರ್ ನಂಬಿಕೊಂಡೇ ಬದುಕಿದವನು. ಬಾಟಲಿಯ ಮೇಲೆ 99.9% ಎಂದು ಬರೆದಿರುತ್ತದೆ. ಹಾಗಿದ್ದರೆ ಸಾಬೂನಿನ ಗೋಜೇಕೆ?

ರಾತ್ರಿಪಾಳಿ

ಸ್ಯಾನಿಟೈಸರ್ ಕೆಟ್ಟದ್ದಲ್ಲ. ವಾರ್ಡಿನಲ್ಲಿ ನಾವು ಸಾಬೂನಿಗಿಂತ ಹೆಚ್ಚಾಗಿ ಬಳಸುವುದು ಅದನ್ನೇ. ಆದರೆ ಅದಕ್ಕೆ ಷರತ್ತುಗಳಿವೆ. ಆಲ್ಕೋಹಾಲ್ ಪ್ರಮಾಣ 60%ಕ್ಕಿಂತ ಕಡಿಮೆ ಇರಬಾರದು. ಕೈಯಲ್ಲಿ ಕಣ್ಣಿಗೆ ಕಾಣುವ ಕೊಳೆ, ಜಿಡ್ಡು ಇರಬಾರದು. ಎರಡು ಕೈಯೂ ಪೂರ್ತಿ ನೆನೆಯುವಷ್ಟು ಹಾಕಿಕೊಂಡು, 20ರಿಂದ 30 ಸೆಕೆಂಡು, ತಾನಾಗಿ ಒಣಗುವವರೆಗೆ ಉಜ್ಜಬೇಕು. ಒಂದು ಹನಿ ಹಾಕಿಕೊಂಡು ಅಂಗೈ ತಟ್ಟಿ, ಉಳಿದದ್ದನ್ನು ಅಂಗಿಗೆ ಒರೆಸಿಕೊಳ್ಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ (ನಿಮ್ಮನ್ನು ಹೇಳುತ್ತಿಲ್ಲ, ನೀಲಿ ಅಂಗಿಯವರೇ).

ಷರತ್ತುಗಳನ್ನೆಲ್ಲ ಪಾಲಿಸಿದರೂ ಅದಕ್ಕೆ ಜಗ್ಗದ ಕೆಲವು ರೋಗಾಣುಗಳಿವೆ. ವಾಂತಿ ಭೇದಿ ತರುವ ನೋರೋವೈರಾಣುವಿಗೆ ಕೊಬ್ಬಿನ ಕವಚ ಇಲ್ಲ, ಹಾಗಾಗಿ ಆಲ್ಕೋಹಾಲ್ ಅದರ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ನೂರಕ್ಕಿಂತ ಕಡಿಮೆ ಕಣಗಳು ಹೊಟ್ಟೆ ಸೇರಿದರೂ ಕಾಯಿಲೆ ಬರಬಹುದು. ಇನ್ನೊಂದು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ. ಆ್ಯಂಟಿಬಯಾಟಿಕ್ ತೆಗೆದುಕೊಳ್ಳುತ್ತಿರುವ ರೋಗಿಗಳಿಗೆ ತೀವ್ರ ಭೇದಿ ತರುತ್ತದೆ. ಅದರ ಬೀಜಕಗಳು (ಗಟ್ಟಿ ಕವಚದೊಳಗೆ ಅಡಗಿರುವ ಸುಪ್ತ ರೂಪ) ಆಲ್ಕೋಹಾಲಿನಲ್ಲಿ ಸಾಯುವುದೇ ಇಲ್ಲ. ಮೂರನೇಮಹಡಿಯವರು ಇದನ್ನು ಗಮನವಿಟ್ಟು ಓದಬೇಕು: ತಂದೆಯವರಿಗೆ ಭೇದಿಯಾದರೆ, ಅಥವಾ ಮನೆಯಲ್ಲಿ ಯಾರಿಗೇ ವಾಂತಿ ಭೇದಿ ಆದರೆ, ಸಾಬೂನು ಮತ್ತು ಹರಿಯುವ ನೀರೇ ಆಗಬೇಕು. ಆ ಬೀಜಕಗಳನ್ನು ಕೈಯ ಮೇಲೆ ಕೊಲ್ಲಲು ಆಗುವುದಿಲ್ಲ, ಉಜ್ಜಿ ಹರಿಸಿಬಿಡಬೇಕು.

ಗಾಜಿನಕೊಳವೆ

ಪೂರಕ ಮಾಹಿತಿ. ಶುದ್ಧ ಆಲ್ಕೋಹಾಲ್ ಹೆಚ್ಚು ಬಲವಾದದ್ದು ಎಂದುಕೊಳ್ಳಬೇಡಿ. ರೋಗಾಣುವಿನ ಪ್ರೋಟೀನುಗಳು ಕೆಡಬೇಕಾದರೆ ನೀರೂ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಎಥನಾಲ್ 80%, ಗ್ಲಿಸರಾಲ್ 1.45%, ಹೈಡ್ರೋಜನ್ ಪೆರಾಕ್ಸೈಡ್ 0.125% ಇರುತ್ತದೆ. ಪೆರಾಕ್ಸೈಡ್ ಇರುವುದು ನಿಮ್ಮ ಕೈಗಾಗಿ ಅಲ್ಲ, ಬಾಟಲಿಯೊಳಗೆ ಸೇರಿಕೊಂಡಿರಬಹುದಾದ ಬೀಜಕಗಳನ್ನು ಮುಗಿಸುವುದಕ್ಕೆ. ಗ್ಲಿಸರಾಲ್ ಚರ್ಮ ಒಣಗದಿರಲಿ ಎಂದು.

ಇದನ್ನು ಓದಿ ಮನೆಯಲ್ಲೇ ಬೆರೆಸಲು ಹೊರಡಬೇಡಿ. ಅಳತೆ ತಪ್ಪಿದರೆ ಕೆಲಸ ಮಾಡುವುದಿಲ್ಲ, ಜೊತೆಗೆ ಬೆಂಕಿಯ ಅಪಾಯ. ಅಂಗಡಿಯ ಬಾಟಲಿಯಾದರೂ ಒಲೆ ಹಚ್ಚುವ ಮೊದಲು ಕೈ ಪೂರ್ತಿ ಒಣಗಿರಲಿ, ಮಕ್ಕಳ ಕೈಗೆ ಎಟುಕದಿರಲಿ. 2020ರಲ್ಲಿ ಮೆಥನಾಲ್ ಬೆರೆತ ಸ್ಯಾನಿಟೈಸರುಗಳ ಬಗ್ಗೆ ಅಮೆರಿಕದ ಔಷಧ ಆಡಳಿತ ಎಚ್ಚರಿಕೆ ಕೊಡಬೇಕಾಯಿತು. ಅದನ್ನು ಕುಡಿದವರು ಕಣ್ಣು ಕಳೆದುಕೊಂಡರು, ಸತ್ತವರೂ ಇದ್ದಾರೆ. ಹೆಸರಿಲ್ಲದ, ಪ್ರಮಾಣ ಬರೆಯದ ಬಾಟಲಿ ಬೇಡವೇ ಬೇಡ.

ಒಣಚರ್ಮ

ನನಗೆ ಕೈ ಇಸುಬು ಇದೆ, ಹೆಸರೇ ಹೇಳುತ್ತದೆ. ಬಿರುಕಿನ ಬಗ್ಗೆ ಚರ್ಮವೈದ್ಯರು ನನಗೆ ಹೇಳಿದ್ದನ್ನು ಬರೆಯುತ್ತೇನೆ, ಏಕೆಂದರೆ ಇದು ಅಂದದ ಪ್ರಶ್ನೆಯಲ್ಲ. ಒಡೆದ ಚರ್ಮದಲ್ಲಿ ಬ್ಯಾಕ್ಟೀರಿಯಾಗಳು ಹೆಚ್ಚು ನೆಲೆಸುತ್ತವೆ, ಉರಿಯುವ ಕೈಯನ್ನು ಮನುಷ್ಯ ಸರಿಯಾಗಿ ತೊಳೆಯುವುದೂ ಇಲ್ಲ.

ಸಾಬೂನಿನಿಂದ ತೊಳೆದ ತಕ್ಷಣ ಅದರ ಮೇಲೆ ಸ್ಯಾನಿಟೈಸರ್ ಹಚ್ಚಬೇಡಿ. ಎರಡರಲ್ಲಿ ಒಂದು ಸಾಕು. ಕೈ ಕೊಳೆಯಾಗಿಲ್ಲದಿದ್ದರೆ ಗ್ಲಿಸರಾಲ್ ಇರುವ ಸ್ಯಾನಿಟೈಸರ್ ಸಾಬೂನಿಗಿಂತ ಚರ್ಮಕ್ಕೆ ಮೃದು. ಕೇಳಿದವರು ನಂಬುವುದಿಲ್ಲ, ಏಕೆಂದರೆ ಹಚ್ಚಿದಾಗ ಉರಿಯುತ್ತದೆ. ಉರಿ ಬರುವುದು ಆಗಲೇ ಆಗಿರುವ ಬಿರುಕಿನಿಂದ, ಚರ್ಮ ಗಟ್ಟಿಯಾದ ಮೇಲೆ ಉರಿಯೂ ಹೋಗುತ್ತದೆ. ಒರೆಸುವಾಗ ಉಜ್ಜದೆ ಒತ್ತಿ ಒಣಗಿಸಿ. ತೊಳೆದ ಪ್ರತಿ ಬಾರಿಯೂ ಸುವಾಸನೆ ಇಲ್ಲದ ಮುಲಾಮನ್ನು ಗೆಣ್ಣುಗಳಿಗೆ, ಬೆರಳ ಸಂದುಗಳಿಗೆ ಹಚ್ಚಿ. ರಾತ್ರಿ ಮಲಗುವಾಗ ದಪ್ಪವಾಗಿ ಹಚ್ಚಿ ಹತ್ತಿಯ ಕೈಗವಸು ಹಾಕಿಕೊಂಡರೆ ಇನ್ನೂ ಒಳ್ಳೆಯದು. ಪಾತ್ರೆ ತೊಳೆಯುವಾಗ ರಬ್ಬರ್ ಕೈಗವಸು ಇರಲಿ. ಇಷ್ಟಾದರೂ ಕೀವು, ಊತ ಕಂಡರೆ ವೈದ್ಯರಿಗೆ ತೋರಿಸಿ. ಆ ಕೈಯಿಂದ ತಂದೆಯವರ ಆರೈಕೆ ಮಾಡುವ ಮೊದಲೇ ತೋರಿಸಿ.

ನೀಲಿಅಂಗಿ

ಕೈಗವಸು ಎಂದಾಗ ನೆನಪಾಯಿತು. ಆರೈಕೆ ಮಾಡುವವರು ಸದಾ ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡೇ ಇದ್ದರೆ ತೊಳೆಯುವ ತಾಪತ್ರಯವೇ ಇಲ್ಲವಲ್ಲ?

ರಾತ್ರಿಪಾಳಿ

ಇಲ್ಲ. ಕೈಗವಸಿಗೂ ಕೊಳೆಯಾಗುತ್ತದೆ, ಆದರೆ ಹಾಕಿಕೊಂಡವರಿಗೆ ಅದು ತಿಳಿಯುವುದಿಲ್ಲ. ಅದೇ ಕೈಗವಸಿನಲ್ಲಿ ಬಾಗಿಲು, ಮೊಬೈಲ್, ರೋಗಿಯ ಬಾಯಿ ಎಲ್ಲವನ್ನೂ ಮುಟ್ಟುತ್ತಾರೆ. ಮಲಮೂತ್ರ, ರಕ್ತ, ವಾಂತಿ ಶುಚಿ ಮಾಡುವಾಗ ಹಾಕಿಕೊಳ್ಳಿ. ಕಿಮೋಥೆರಪಿ ಆದ ನಂತರದ ಕೆಲವು ದಿನ ಅದು ನಿಮ್ಮ ರಕ್ಷಣೆಗೂ ಬೇಕು, ಔಷಧದ ಅಂಶ ಅವುಗಳಲ್ಲಿ ಹೊರಬರುತ್ತದೆ. ಕೆಲಸ ಮುಗಿದ ಕೂಡಲೇ ತೆಗೆದು ಎಸೆದು ಕೈ ತೊಳೆಯಿರಿ. ತೆಗೆಯುವಾಗಲೇ ಕೈಗೆ ಕೊಳೆ ತಾಗುತ್ತದೆ.

ಹಾಗೆಯೇ ಉಂಗುರ. ಅದರ ಅಡಿಯ ಚರ್ಮಕ್ಕೆ ಸಾಬೂನು ತಲುಪುವುದೇ ಇಲ್ಲ. ಉಗುರು ಗಿಡ್ಡವಾಗಿರಲಿ, ಅಂಟಿಸಿಕೊಳ್ಳುವ ಉಗುರು ಸದ್ಯಕ್ಕೆ ಬೇಡ.

ಹಳೆಪುಟ

ಈ ಚರ್ಚೆಯಲ್ಲಿ ಹತ್ತೊಂಬತ್ತನೇ ಶತಮಾನದ ಹೆರಿಗೆ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಹೆಸರು ಇನ್ನೂ ಬಂದಿಲ್ಲ ಎಂದು ಕಾಯುತ್ತಿದ್ದೆ. ನಾನೇ ತರುತ್ತೇನೆ.

ಅವನು ಕೆಲಸ ಮಾಡುತ್ತಿದ್ದ ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಮೊದಲ ವಿಭಾಗದಲ್ಲಿ 4,010 ಹೆರಿಗೆಗಳಾಗಿ 459 ತಾಯಂದಿರು ಸತ್ತರು, ಅಂದರೆ 11.4%. ಎರಡನೆಯದರಲ್ಲಿ 3,754 ಹೆರಿಗೆಗಳಿಗೆ 105 ಸಾವು, 2.8%. ಒಂದೇ ಆಸ್ಪತ್ರೆ, ಒಂದೇ ಊರಿನ ಗಾಳಿ ನೀರು. ಮೊದಲ ವಿಭಾಗಕ್ಕೆ ಸೇರಿಸಬೇಡಿ ಎಂದು ಹೆಂಗಸರು ಕಾಲು ಹಿಡಿದು ಬೇಡುತ್ತಿದ್ದರು.

1847ರಲ್ಲಿ ಸೆಮ್ಮೆಲ್‌ವೈಸ್‌ನ ಸ್ನೇಹಿತ ಯಾಕೋಬ್ ಕೊಲೆಚ್ಕಾ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯ ಚಾಕು ತಾಗಿ ಸತ್ತ. ಅವನ ದೇಹದಲ್ಲಿ ಕಂಡ ಲಕ್ಷಣಗಳು ಆ ತಾಯಂದಿರನ್ನು ಕೊಲ್ಲುತ್ತಿದ್ದ ಬಾಣಂತಿ ಜ್ವರದವೇ ಆಗಿದ್ದವು. ವಿದ್ಯಾರ್ಥಿಗಳು ಶವಾಗಾರದಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು, ಸೂಲಗಿತ್ತಿಯರಿಗೆ ಶವಾಗಾರದ ಕೆಲಸವಿರಲಿಲ್ಲ. ಲೆಕ್ಕ ತಾಳೆಯಾಯಿತು. ಶವದ ವಾಸನೆಯನ್ನು ಹೋಗಲಾಡಿಸುವ ಗುಣ ಇದೆ ಎಂಬ ಕಾರಣಕ್ಕೆ ಕ್ಲೋರಿನ್ ಸುಣ್ಣದ ದ್ರಾವಣವನ್ನು ಆರಿಸಿ, ಅದರಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ನಿಯಮ ಮಾಡಿದ. ಏಪ್ರಿಲ್‌ನಲ್ಲಿ 18% ಇದ್ದ ಸಾವು ಜೂನ್ ಹೊತ್ತಿಗೆ ಸುಮಾರು 2%ಕ್ಕೆ ಇಳಿಯಿತು. 1848ರಲ್ಲಿ ಮೊದಲ ವಿಭಾಗದಲ್ಲಿ ಸಾವು 1.27%, ಎರಡನೆಯದರಲ್ಲಿ 1.33%. ಅಂತರವೇ ಮಾಯ.

ಇಷ್ಟು ನಿಚ್ಚಳವಾದ ಅಂಕಿಗಳಿದ್ದರೂ ಸಹೋದ್ಯೋಗಿಗಳಲ್ಲಿ ಬಹಳ ಜನ ಒಪ್ಪಲಿಲ್ಲ. ಸೂಕ್ಷ್ಮಾಣು ಸಿದ್ಧಾಂತ ಇನ್ನೂ ನೆಲೆಯೂರಿರಲಿಲ್ಲ, ಅದು ಒಂದು ಕಾರಣ. ನಿಮ್ಮ ಕೈಯೇ ಕೊಂದಿತು ಎಂದು ವೈದ್ಯರಿಗೆ ಹೇಳಿದರೆ ಅವರಿಗೆ ರುಚಿಸೀತೇ, ಅದು ಇನ್ನೊಂದು. ಸೆಮ್ಮೆಲ್‌ವೈಸ್ ತಾನೂ ಪೂರ್ಣ ಗ್ರಂಥ ಹೊರತಂದದ್ದು 1861ರಲ್ಲಿ, ಒಪ್ಪದವರಿಗೆ ಕೊಲೆಗಾರರೆಂದು ಬಹಿರಂಗ ಪತ್ರಗಳನ್ನು ಬೇರೆ ಬರೆದ. 1865ರಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ, 47ನೇ ವಯಸ್ಸಿನಲ್ಲಿ, ಗಾಯದ ಸೋಂಕಿನಿಂದಲೇ ತೀರಿಕೊಂಡ. ಅವನನ್ನು ಹುತಾತ್ಮನೆಂದು ಕೊಂಡಾಡುವ ಬರಹಗಳು ಅವನ ನಾಲಿಗೆಯ ವಿಷಯವನ್ನು ಮರೆಸಿಬಿಡುತ್ತವೆ. ಬೈದು ಕೈ ತೊಳೆಸಲು ಆಗಲಿಲ್ಲ ಎನ್ನುವುದೂ ಆ ಕಥೆಯ ಭಾಗವೇ ಅಲ್ಲವೇ?

ರಾತ್ರಿಪಾಳಿ

ನಿಮ್ಮ ಕೊನೆಯ ಸಾಲಿಗೆ ಕೈಮುಗಿದೆ. ಇಂದಿಗೂ ಅದೇ ಸ್ಥಿತಿ. ಕೈ ತೊಳೆಯಬೇಕೆಂದು ತಿಳಿಯದ ಶುಶ್ರೂಷಕಿಯನ್ನಾಗಲಿ ವೈದ್ಯರನ್ನಾಗಲಿ ನಾನು ಕಂಡಿಲ್ಲ. ಆದರೂ ಕೈ ತೊಳೆಯದೆ ಮುಂದಿನ ಮಂಚಕ್ಕೆ ಹೋಗುವವರನ್ನು ದಿನವೂ ಕಾಣುತ್ತೇನೆ. ಸೋಮಾರಿತನವಲ್ಲ. ನಲ್ಲಿ ವಾರ್ಡಿನ ಆ ತುದಿಯಲ್ಲಿ, ರೋಗಿ ಈ ತುದಿಯಲ್ಲಿ, ನಡುವೆ ಮೂರು ಜನ ಕೂಗುತ್ತಿರುತ್ತಾರೆ.

ಜಿನೀವಾದ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಡಿಡಿಯೇ ಪಿಟ್ಟೆ ಅವರ ತಂಡ ಇದನ್ನು ಸರಿಯಾಗಿ ಹಿಡಿಯಿತು. ಉಪದೇಶ ಹೆಚ್ಚಿಸುವುದರ ಜೊತೆಗೆ ಆಲ್ಕೋಹಾಲ್ ದ್ರಾವಣದ ಬಾಟಲಿಯನ್ನು ಮಂಚದ ಪಕ್ಕಕ್ಕೇ, ಸಿಬ್ಬಂದಿಯ ಜೇಬಿಗೇ ತಂದರು. 1994ರಲ್ಲಿ 48% ಇದ್ದ ಕೈ ಸ್ವಚ್ಛತೆಯ ನಿಯಮದ ಪಾಲನೆ 1997ರಲ್ಲಿ 66% ಆಯಿತು. ಆಸ್ಪತ್ರೆಯಲ್ಲೇ ಅಂಟುವ ಸೋಂಕು 16.9%ರಿಂದ 9.9%ಕ್ಕೆ ಇಳಿಯಿತು. ಹೀಗಾಗಿ ಮೂರನೇಮಹಡಿಯವರ ತಂಗಿ ಬಾಟಲಿಗಳನ್ನು ಸಾಲಾಗಿ ಇಟ್ಟದ್ದನ್ನು ನಾನು ನಗುವುದಿಲ್ಲ. ಸಂಖ್ಯೆ ಕಡಿಮೆ ಮಾಡಿ. ಬಾಗಿಲಲ್ಲಿ ಒಂದು, ಮಂಚದ ಕೈಗೆಟುಕುವ ಜಾಗದಲ್ಲಿ ಒಂದು. ಅವಳ ಯೋಚನೆ ಮಾತ್ರ ಸರಿಯಾಗಿದೆ.

ಎರಡನೇಬೆಂಚು

ಪ್ರಾಥಮಿಕ ಶಾಲೆಯ ಶಿಕ್ಷಕ. ಮಕ್ಕಳ ವಿಷಯದಲ್ಲಿ ಇದು ನೂರಕ್ಕೆ ನೂರು ನಿಜ. ಕೈ ತೊಳೆಯುವ ಬಗ್ಗೆ ಪಾಠ ಮಾಡಿ ಪರೀಕ್ಷೆ ಇಟ್ಟರೆ ಎಲ್ಲರೂ ಪಾಸು. ಬಿಡುವಿನ ಗಂಟೆ ಹೊಡೆದರೆ ನಲ್ಲಿಯ ಕಡೆಗೆ ಒಬ್ಬರೂ ಇಲ್ಲ.

ಬಾಂಗ್ಲಾದೇಶದ ಎರಡು ಹಳ್ಳಿ ಶಾಲೆಗಳಲ್ಲಿ ನಡೆದ, 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಶೌಚಾಲಯದಿಂದ ಕೈತೊಳೆಯುವ ಜಾಗಕ್ಕೆ ಬಣ್ಣದ ಹಾದಿ ಮಾಡಿದರು, ಅದರ ಮೇಲೆ ಹೆಜ್ಜೆಗುರುತು, ನಲ್ಲಿಯ ಬಳಿ ಅಂಗೈಗುರುತು ಬಿಡಿಸಿದರು. ಪಾಠ ಇಲ್ಲ, ಭಾಷಣ ಇಲ್ಲ. ಶೌಚದ ನಂತರ ಸಾಬೂನು ಬಳಸುತ್ತಿದ್ದ ಮಕ್ಕಳು ಮೊದಲು 4%, ಮರುದಿನವೇ 68%, ಆರು ವಾರಗಳ ನಂತರವೂ 74%. ಮಕ್ಕಳಿಗೆ ಹೆಜ್ಜೆ ಕಂಡರೆ ಅದರ ಮೇಲೆ ಹೆಜ್ಜೆ ಇಡದೆ ಇರಲಾಗುವುದಿಲ್ಲ.

ನೀರಿನ ಕೊರತೆ ಇರುವಲ್ಲಿ ಇನ್ನೊಂದು ಉಪಾಯ: ಬಟ್ಟೆ ಒಗೆಯುವ ಪುಡಿಯನ್ನು ಸ್ವಲ್ಪವೇ ನೀರಿಗೆ ಬೆರೆಸಿ, ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಲ್ಲಿ ಇಡುವುದು. ಗಟ್ಟಿ ಸಾಬೂನು ಕಳೆದುಹೋಗುತ್ತದೆ, ಬಾಟಲಿಯನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಕಾಲಿನಿಂದ ಒತ್ತಿದರೆ ಬಾಗಿ ನೀರು ಸುರಿಸುವ ಕ್ಯಾನನ್ನು ಕಡ್ಡಿ ಮತ್ತು ಹಗ್ಗದಿಂದ ಮಕ್ಕಳೇ ಕಟ್ಟಬಲ್ಲರು. ಕೊಳೆ ಕೈಯಿಂದ ನಲ್ಲಿ ಮುಟ್ಟುವ ಪ್ರಶ್ನೆಯೂ ಇಲ್ಲ. ಉಜ್ಜುವಾಗ ನೀರು ಹರಿಯಬೇಕಾಗಿಲ್ಲ ಎನ್ನುವುದನ್ನು ದೊಡ್ಡವರೂ ಕಲಿಯಬೇಕು.

ನಿರ್ವಾಹಕರು

ತಮ್ಮದೇ ತಯಾರಿಕೆಯ ಕೈ ದ್ರಾವಣವನ್ನು ಇಲ್ಲಿ ಮಾರಲು ಬಂದ ಒಂದು ಪ್ರತಿಕ್ರಿಯೆಯನ್ನು ತೆಗೆದುಹಾಕಿದ್ದೇವೆ. ಚರ್ಚೆ ಮುಂದುವರಿಯಲಿ.

ಮೂರನೇಮಹಡಿ

ಎಲ್ಲರಿಗೂ ಧನ್ಯವಾದಗಳು. ಮನೆಯವರಿಗೆಲ್ಲ ಓದಿ ಹೇಳಿದೆ. ಚಿಕ್ಕಪ್ಪ ಮಾತ್ರ ಬಿಸಿನೀರನ್ನು ಬಿಟ್ಟುಕೊಡಲು ಒಪ್ಪುತ್ತಿಲ್ಲ.

ಆದರೆ ನಿಜವಾದ ಕಷ್ಟ ಈಗ ಹೇಳುತ್ತೇನೆ. ತಂದೆಯವರನ್ನು ನೋಡಲು ಬರುವವರು. ಅಕ್ಕರೆಯಿಂದ ಬರುತ್ತಾರೆ, ಬಂದವರೇ ಅವರ ಕೈ ಹಿಡಿದುಕೊಳ್ಳುತ್ತಾರೆ, ಕೆನ್ನೆ ಸವರುತ್ತಾರೆ. ಅವರಿಗೆ ಮೊದಲು ಕೈ ತೊಳೆದು ಬನ್ನಿ ಎಂದು ಹೇಳುವುದು ಹೇಗೆ? ಒಬ್ಬರಿಗೆ ಹೇಳಿದೆ. ಮುಖ ಸಪ್ಪಗೆ ಮಾಡಿಕೊಂಡು ದೂರದಲ್ಲೇ ಕುಳಿತು ಎದ್ದು ಹೋದರು. ತಂದೆಯವರು ನನ್ನ ಮೇಲೆಯೇ ಬೇಸರ ಮಾಡಿಕೊಂಡರು.

ಒಣಚರ್ಮ

ಇದು ನಿಮ್ಮೊಬ್ಬರ ಕಷ್ಟವಲ್ಲ. ಕೈ ತೊಳೆಯಿರಿ ಎಂದರೆ ನೀವು ಕೊಳಕು ಎಂದು ಹೇಳಿದಂತೆ ಕೇಳಿಸುತ್ತದೆ. ವಿಯೆನ್ನಾದ ವೈದ್ಯರಿಗೆ ಕೇಳಿಸಿದ್ದೂ ಅದೇ ಇರಬೇಕು.

ಹಳೆಪುಟ

2011ರಲ್ಲಿ ಪ್ರಕಟವಾದ ಒಂದು ಪ್ರಯೋಗ ಈ ಪ್ರಶ್ನೆಗೆ ಹತ್ತಿರ ಬರುತ್ತದೆ. ಆಸ್ಪತ್ರೆಯಲ್ಲಿ ಸಾಬೂನಿನ ಬಳಿ ಎರಡು ಬಗೆಯ ಫಲಕ ಹಾಕಿದರು. ಒಂದರಲ್ಲಿ, ಕೈ ಸ್ವಚ್ಛವಾಗಿದ್ದರೆ ನಿಮಗೆ ರೋಗ ಬರುವುದಿಲ್ಲ ಎಂದು. ಇನ್ನೊಂದರಲ್ಲಿ, ಕೈ ಸ್ವಚ್ಛವಾಗಿದ್ದರೆ ರೋಗಿಗಳಿಗೆ ರೋಗ ಬರುವುದಿಲ್ಲ ಎಂದು. ಎರಡನೆಯದು ಕೆಲಸ ಮಾಡಿತು, ಮೊದಲನೆಯದು ಮಾಡಲಿಲ್ಲ. ನಮಗೇನೂ ಆಗುವುದಿಲ್ಲ ಎಂಬ ಧೈರ್ಯ ಎಲ್ಲರಿಗೂ ಇರುತ್ತದೆ, ಇನ್ನೊಬ್ಬರ ವಿಷಯದಲ್ಲಿ ಆ ಧೈರ್ಯ ಇರುವುದಿಲ್ಲ.

ಎರಡನೇಬೆಂಚು

ಹಾಗಾದರೆ ಬಾಗಿಲ ಬಳಿ ಒಂದು ಚೀಟಿ. ‘ಇವರ ರಕ್ತಕಣಗಳು ಈಗ ಕಡಿಮೆ ಇವೆ. ಕೈ ತೊಳೆದು ಬಂದರೆ ಇವರ ಪಕ್ಕದಲ್ಲೇ ಕುಳಿತು ಮಾತನಾಡಬಹುದು.’ ಬೇಡ ಎನ್ನುವ ಪದವೇ ಇಲ್ಲದ ಚೀಟಿ. ಬಂದವರು ಓದುತ್ತಿರುವಾಗ ನೀವೇ ಬಾಟಲಿ ಒತ್ತಿ ನಿಮ್ಮ ಕೈಗೆ ಹಚ್ಚಿಕೊಂಡು, ಆಮೇಲೆ ಬಾಟಲಿಯನ್ನು ಅವರ ಕಡೆಗೆ ಚಾಚಿ. ಎದುರಿನವರು ಮಾಡುತ್ತಿದ್ದರೆ ಮಾಡದಿರುವುದು ಬಹಳ ಕಷ್ಟ. ಬ್ರಿಟನ್ನಿನ ಹೆದ್ದಾರಿ ಶೌಚಾಲಯಗಳಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲೂ ‘ನಿಮ್ಮ ಪಕ್ಕದವರು ಸಾಬೂನಿನಿಂದ ತೊಳೆಯುತ್ತಿದ್ದಾರೆಯೇ?’ ಎಂಬ ಸಂದೇಶ ಒಳ್ಳೆಯ ಫಲ ಕೊಟ್ಟಿತ್ತು.

ಸಂಶಯಾಸುರ

ಕೈ ತೊಳೆದು ಒಳಗೆ ಬಂದು, ಕುಳಿತ ಕೂಡಲೇ ಜೇಬಿನಿಂದ ಮೊಬೈಲ್ ತೆಗೆಯುತ್ತಾರೆ. ಆಗ?

ರಾತ್ರಿಪಾಳಿ

ಆಗ ಮುಟ್ಟುವ ಮೊದಲು ಮತ್ತೊಮ್ಮೆ ಹಚ್ಚಿಕೊಳ್ಳಬೇಕು. ಅದಕ್ಕೇ ಮಂಚದ ಪಕ್ಕದ ಬಾಟಲಿ. ಮೊಬೈಲಿಗಿಂತಲೂ ನಮ್ಮ ಮುಖ ದೊಡ್ಡ ಅಪರಾಧಿ. ಆಸ್ಟ್ರೇಲಿಯಾದಲ್ಲಿ ವೈದ್ಯ ವಿದ್ಯಾರ್ಥಿಗಳನ್ನು ವಿಡಿಯೊದಲ್ಲಿ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರು ಗಂಟೆಗೆ ಸರಾಸರಿ 23 ಬಾರಿ ಮುಖ ಮುಟ್ಟಿಕೊಂಡಿದ್ದರು, ಅದರಲ್ಲಿ 44% ಕಣ್ಣು, ಮೂಗು, ಬಾಯಿ. ತಂದೆಯವರ ಕೈಯನ್ನೂ ತೊಳೆಸಿ, ಮೂರನೇಮಹಡಿಯವರೇ. ಸುತ್ತಲಿನವರ ಕೈಗಳನ್ನೆಲ್ಲ ಕಾಯುವ ಮನೆಗಳಲ್ಲಿ ರೋಗಿಯ ಕೈಯನ್ನೇ ಮರೆಯುತ್ತಾರೆ. ಅವರೂ ಮುಖ ಮುಟ್ಟಿಕೊಳ್ಳುತ್ತಾರೆ, ಅವರೂ ಊಟ ಮಾಡುತ್ತಾರೆ.

ನೀಲಿಅಂಗಿ

ಇಷ್ಟೆಲ್ಲ ಮಾಡಿದರೆ ಸೋಂಕು ಬರುವುದಿಲ್ಲ ಎಂದು ಧೈರ್ಯವಾಗಿ ಇರಬಹುದೇ?

ರಾತ್ರಿಪಾಳಿ

ಇರಲಾಗದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಕೊಡುವ ಅಂದಾಜಿನ ಪ್ರಕಾರ ಸಮುದಾಯದಲ್ಲಿ ಕೈತೊಳೆಯುವ ಅಭ್ಯಾಸದಿಂದ ಭೇದಿ 23ರಿಂದ 40%ರಷ್ಟು, ಉಸಿರಾಟದ ಕಾಯಿಲೆಗಳು 16ರಿಂದ 21%ರಷ್ಟು ಕಡಿಮೆಯಾಗುತ್ತವೆ. ಎರಡನೆಯ ಅಂಕಿ ಏಕೆ ಚಿಕ್ಕದು ಎಂದರೆ, ಕೆಮ್ಮು ನೆಗಡಿಗಳು ಉಸಿರಿನ ಮೂಲಕವೂ ಬರುತ್ತವೆ, ಅವುಗಳಿಗೆ ಕೈಯ ಹಂಗಿಲ್ಲ. ನೆಗಡಿ, ಜ್ವರ, ಭೇದಿ ಇರುವ ಬಂಧುಗಳು ಎಷ್ಟೇ ಕೈ ತೊಳೆದರೂ ಈಗ ಬರಬಾರದು, ಫೋನಿನಲ್ಲಿ ಮಾತನಾಡಲಿ. ಮನೆಯವರಿಗೇ ನೆಗಡಿಯಾದರೆ ಮಾಸ್ಕ್ ಹಾಕಿ, ಕಿಟಕಿ ತೆರೆದಿಡಿ, ಆರೈಕೆಯನ್ನು ಇನ್ನೊಬ್ಬರಿಗೆ ವಹಿಸಿ. ಅಲ್ಲದೆ ಕಿಮೋಥೆರಪಿಯ ರೋಗಿಗೆ ಸೋಂಕು ಅವರ ಸ್ವಂತ ಕರುಳಿನ, ಬಾಯಿಯ ಸೂಕ್ಷ್ಮಾಣುಗಳಿಂದಲೂ ಬರಬಹುದು. ಹಾಗೆ ಬಂದರೆ ಯಾರ ಕೈಯನ್ನು ದೂರಿಯೂ ಪ್ರಯೋಜನವಿಲ್ಲ.

ಮೂರನೇಮಹಡಿ

ಚೀಟಿ ಬರೆದು ಅಂಟಿಸಿದೆ. ತಂದೆಯವರೇ ಓದಿ, ‘ಕುಳಿತು’ ಎಂಬುದರ ಜೊತೆ ‘ಹೆಚ್ಚು ಹೊತ್ತು’ ಎಂದು ಸೇರಿಸಲು ಹೇಳಿದರು. ಜ್ವರ ಬಂದರೆ ಏನು ಮಾಡಬೇಕು ಎಂದು ಆಸ್ಪತ್ರೆಯ ಕಾಗದದಲ್ಲಿ ಏನೋ ಇದೆ, ಮಡಚಿದ ಜಾಗದಲ್ಲಿ ಅಳಿಸಿಹೋಗಿದೆ.

ರಾತ್ರಿಪಾಳಿ

ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಫೋನ್ ಮಾಡಿ ಅದನ್ನು ಮತ್ತೆ ಬರೆದುಕೊಳ್ಳಿ, ತುರ್ತು ಸಂಖ್ಯೆಯನ್ನೂ ಕೇಳಿ. ಸಾಮಾನ್ಯವಾಗಿ ಇರುವ ಸೂಚನೆ ಇದು: ಮನೆಯಲ್ಲಿ ಥರ್ಮಾಮೀಟರ್ ಇರಬೇಕು. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ಅಥವಾ ಜ್ವರವಿಲ್ಲದೆಯೂ ಚಳಿ ನಡುಕ ಬಂದರೆ, ಎಷ್ಟೇ ಹೊತ್ತಾಗಿರಲಿ ಕೂಡಲೇ ಆಸ್ಪತ್ರೆಯನ್ನು ಸಂಪರ್ಕಿಸಿ. ಬೆಳಗಾಗಲಿ ಎಂದು ಕಾಯಬೇಡಿ. ಅವರನ್ನು ಕೇಳದೆ ಜ್ವರದ ಮಾತ್ರೆ ಕೊಡಬೇಡಿ, ಮಾತ್ರೆ ಜ್ವರವನ್ನು ಮರೆಮಾಚುತ್ತದೆ, ಸೋಂಕು ಮಾತ್ರ ಒಳಗೇ ಉಳಿಯುತ್ತದೆ.